ಋಣ ಹೈಡ್ರೋಜನ್ ಅಯಾನು ಮೂಲ: ಸಪ್ಲೈನಲ್ಲಿ 40 ಮಿಲಿಆಂಪ್, ಕಪ್‌ನಲ್ಲಿ ಒಂದೂ ಇಲ್ಲ

ಕೋಡಿಬಾಗ_ಬೆಂಚ್:
ಕಾರವಾರದಲ್ಲಿ ಋಣ ಹೈಡ್ರೋಜನ್ ಅಯಾನು (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಹೈಡ್ರೋಜನ್ ಪರಮಾಣು) ತಯಾರಿಸುವ ಸಣ್ಣ ಟೆಸ್ಟ್ ಬೆಂಚ್. ಮಲ್ಟಿಕಸ್ಪ್ ಚೇಂಬರ್ (ಸುತ್ತ ಮ್ಯಾಗ್ನೆಟ್ ಇಟ್ಟು ಪ್ಲಾಸ್ಮಾ ಹಿಡಿದಿಡುವ ಪಾತ್ರೆ), ಟಂಗ್‌ಸ್ಟನ್ ಫಿಲಮೆಂಟ್, ಆರ್ಕ್ 80 ವೋಲ್ಟ್, ಅಯಾನನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಷನ್ 15 ಕಿಲೋವೋಲ್ಟ್. ಸಪ್ಲೈ 40 ಮಿಲಿಆಂಪ್ ಎಳೆಯುತ್ತದೆ, ಬೀಮ್ ಕರೆಂಟ್ ಅಳೆಯುವ ಫ್ಯಾರಡೆ ಕಪ್‌ನಲ್ಲಿ 0.8. ಮಳೆ ಹಿಡಿದ ಮೇಲೆ ಬೆಳಿಗ್ಗೆ ಹೈವೋಲ್ಟೇಜ್ ಟ್ರಿಪ್ ಬೇರೆ. ಸೀಸಿಯಂ ಹಾಕಿದರೆ ಸರಿಹೋದೀತೇ?

ಕಸ್ಪ್_ಮ್ಯಾಗ್ನೆಟ್:
ಸೀಸಿಯಂ ಆಮೇಲೆ ನೋಡೋಣ. ಅಯಾನನ್ನು ಎಳೆಯುವ ವೋಲ್ಟೇಜೇ ಎಲೆಕ್ಟ್ರಾನನ್ನೂ ಎಳೆಯುತ್ತದೆ. ಸೀಸಿಯಂ ಇಲ್ಲದಾಗ ಒಂದು ಅಯಾನಿಗೆ ಹತ್ತಾರು ಎಲೆಕ್ಟ್ರಾನ್ ಬರುವುದು ಮಾಮೂಲು. ಸಪ್ಲೈ ಮೀಟರನ್ನು ನಂಬಲೇಬೇಡಿ.

ಮೊದಲು ಆ 0.8 ನಿಜವೇ ನೋಡಿ. ಹೈಡ್ರೋಜನ್ ಪೂರ್ತಿ ಹೊರಹಾಕಿ ಆರ್ಗಾನ್ ಬಿಡಿ, ಆರ್ಕ್ ಅಷ್ಟೇ ಇರಲಿ. ಆರ್ಗಾನ್ ಋಣ ಅಯಾನು ಕಟ್ಟುವುದಿಲ್ಲ. ಆಗಲೂ ಕಪ್ ಋಣ ಕರೆಂಟ್ ತೋರಿಸಿದರೆ ಅದು ಎಲೆಕ್ಟ್ರಾನನ್ನು ಪಕ್ಕಕ್ಕೆ ತಿರುಗಿಸುವ ಡಂಪ್ ಮ್ಯಾಗ್ನೆಟ್ ದಾಟಿ ಬಂದ ಎಲೆಕ್ಟ್ರಾನ್. ಕಪ್ ಮುಂದಿನ ಸಪ್ರೆಸರ್ ರಿಂಗ್‌ಗೆ ಮೈನಸ್ 150 ವೋಲ್ಟ್ ಆದರೂ ಇರಲಿ. ಇಲ್ಲವಾದರೆ ಬೀಮ್ ಬಡಿದು ಕಪ್ಪಿನಿಂದ ಏಳುವ ಸೆಕೆಂಡರಿ ಎಲೆಕ್ಟ್ರಾನ್ ಹಾರಿಹೋಗಿ, ಇರುವ ಬೀಮೂ ಕಮ್ಮಿ ಕಾಣುತ್ತದೆ.

ನನ್ನ ಗುಮಾನಿ ಫಿಲ್ಟರ್ ಮ್ಯಾಗ್ನೆಟ್ ಮೇಲೆ. ಈ ಅಯಾನಿನ ಹೆಚ್ಚುವರಿ ಎಲೆಕ್ಟ್ರಾನ್ ಅಂಟಿಕೊಂಡಿರುವುದು ಬರೀ 0.75 ಇವಿ (ಎಲೆಕ್ಟ್ರಾನ್ ವೋಲ್ಟ್) ಬಲದಲ್ಲಿ. ಬಿಸಿ ಎಲೆಕ್ಟ್ರಾನ್ ಡಿಕ್ಕಿ ಹೊಡೆದರೆ ಕಥೆ ಮುಗಿಯಿತು. ಕಂಪಿಸುವ ಹೈಡ್ರೋಜನ್ ಅಣುವಿಗೆ ಸುಮಾರು 1 ಇವಿಯ ನಿಧಾನ ಎಲೆಕ್ಟ್ರಾನ್ ಸಿಕ್ಕಾಗಲೇ ಹೊಸ ಅಯಾನು ಹುಟ್ಟುವುದು. ಬಿಸಿಯವನ್ನು ಫಿಲಮೆಂಟ್ ಕಡೆಯೇ ತಡೆಯುವುದು ಫಿಲ್ಟರ್ ಕೆಲಸ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಸೊರಗುತ್ತದೆ. ಗಾಸ್‌ಮೀಟರ್ ಹಿಡಿದು ಅಳೆಯಿರಿ, ಕೂಲಿಂಗ್ ನೀರಿನ ಹರಿವನ್ನೂ ನೋಡಿ. ಬಳಿಕ ಪ್ಲಾಸ್ಮಾ ಎಲೆಕ್ಟ್ರೋಡನ್ನು (ಅಯಾನು ಹೊರಬರುವ ರಂಧ್ರವಿರುವ ತಟ್ಟೆ) ಚೇಂಬರಿಗಿಂತ ಕೆಲವೇ ವೋಲ್ಟ್ ಪಾಸಿಟಿವ್ ಮಾಡಿ, ಅರ್ಧರ್ಧ ವೋಲ್ಟ್ ಏರಿಸುತ್ತ ಹೋಗಿ: ಎಲೆಕ್ಟ್ರಾನ್ ಇಳಿಯುತ್ತದೆ, ಒಂದು ಹಂತದ ನಂತರ ಅಯಾನೂ ಬೀಳುತ್ತದೆ. ಆ ಹಂತಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ. ಗ್ಯಾಸ್ ಸುಮ್ಮನೆ ಏರಿಸಬೇಡಿ, ಎಕ್ಸ್‌ಟ್ರಾಕ್ಷನ್ ಗ್ಯಾಪ್‌ನಲ್ಲಿ ಅಣುಗಳು ಹೆಚ್ಚಾದರೆ ದಾರಿಯಲ್ಲೇ ಎಲೆಕ್ಟ್ರಾನ್ ಕಳಚುತ್ತದೆ.

ಕಡಲಗಾಳಿ:
ಟ್ರಿಪ್‌ಗೆ ಕಾರಣ ಉಪ್ಪು. ಗಾಳಿಯ ತೇವ 75 ಶೇಕಡಾ ದಾಟಿತೆಂದರೆ ಇನ್ಸುಲೇಟರ್ ಮೇಲಿನ ಉಪ್ಪಿನ ಪುಡಿ ನೀರಾಗಿ ಕರೆಂಟ್ ಹರಿಯುವ ಪದರವಾಗುತ್ತದೆ. ಜುಲೈನ ಕಾರವಾರದಲ್ಲಿ ತೇವ ಅದಕ್ಕಿಂತ ಇಳಿಯುವುದೇ ಅಪರೂಪ. ಡಿಸ್ಟಿಲ್ಡ್ ನೀರಿನಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಬರೀ ಆಲ್ಕೊಹಾಲಿಗೆ ಉಪ್ಪು ಸರಿಯಾಗಿ ಕರಗುವುದಿಲ್ಲ. ಡಿಹ್ಯೂಮಿಡಿಫೈಯರ್ 50ಕ್ಕೆ ಇಡಿ. ಪ್ಲಾಸ್ಮಾ ಆರಿಸಿ ವೋಲ್ಟೇಜ್ ಮಾತ್ರ ಕೊಟ್ಟು ಲೀಕೇಜ್ ಬರೆದಿಡಿ.

ಕೋಡಿಬಾಗ_ಬೆಂಚ್:
ಫಿಲ್ಟರ್, ಬಯಾಸ್ (ಎಲೆಕ್ಟ್ರೋಡಿನ ಆ ಪಾಸಿಟಿವ್ ವೋಲ್ಟೇಜ್) ಎರಡೂ ಸರಿಯಾದ ಮೇಲೆ ಸೀಸಿಯಂ ಹೇಗೆ?

ಕಸ್ಪ್_ಮ್ಯಾಗ್ನೆಟ್:
ಸೀಸಿಯಂ ಲೋಹ ತುಂಬಿದ ಗಾಜಿನ ಆಂಪ್ಯೂಲ್ ಬೇಡ. ಸೀಸಿಯಂ 28.4 ಡಿಗ್ರಿಗೇ ಕರಗುತ್ತದೆ, ಏಪ್ರಿಲ್‌ನಲ್ಲಿ ನಿಮ್ಮ ಕೋಣೆಯಲ್ಲೇ ದ್ರವ; ನೀರು ತಾಗಿದರೆ ಸ್ಫೋಟ. ಬಿಸಿ ಮಾಡಿದಾಗ ಮಾತ್ರ ಸೀಸಿಯಂ ಬಿಡುವ ಸೀಸಿಯಂ ಕ್ರೋಮೇಟ್ ಡಿಸ್ಪೆನ್ಸರ್ ಸಾಕು, ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಮಾಲಿಬ್ಡಿನಮ್ ಎಲೆಕ್ಟ್ರೋಡ್ ಮೇಲೆ ಒಂದು ಪದರಕ್ಕಿಂತ ಕಡಿಮೆ ಕೂತಾಗಲೇ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಹೊರಬರಲು ಬೇಕಾದ ಶಕ್ತಿ) ತೀರಾ ತಳಕ್ಕೆ ಇಳಿಯುತ್ತದೆ. ಹೆಚ್ಚು ಸುರಿದರೆ ಲಾಭವಿಲ್ಲ, ಎಕ್ಸ್‌ಟ್ರಾಕ್ಟರಿನಲ್ಲಿ ಸ್ಪಾರ್ಕ್ ಮಾತ್ರ. ಮೊದಲು ಚೇಂಬರ್ ಬೇಕ್ ಮಾಡಿ, ಉಳಿಕೆ ಅನಿಲದಲ್ಲಿ 18ರ ಗೆರೆ (ಅಂದರೆ ನೀರಾವಿ) ತಗ್ಗುವವರೆಗೆ ಡಿಸ್ಪೆನ್ಸರ್ ಬಿಸಿ ಮಾಡಬೇಡಿ. ನೀರಾವಿ ಇದ್ದರೆ ಹಾಕಿದ್ದೆಲ್ಲ ಹೈಡ್ರಾಕ್ಸೈಡ್ ಆಗಿ ಹೋಗುತ್ತದೆ. ಚೇಂಬರ್ ತೆರೆಯುವಾಗಲೂ ಒಣ ನೈಟ್ರೋಜನ್ನೇ ತುಂಬಿಸಿ, ಮಳೆಗಾಲದ ಗಾಳಿ ಬೇಡ.