ಮುರಕಲ್ಲಿನ ಪಾಗಾರ ನೋಡಿದರೆ ಮೈ ಜುಂ ಅನ್ನುತ್ತದೆ, ನೀರು ದೋಸೆ ನೋಡಿದರೆ ಏನೂ ಇಲ್ಲ. ಯಾಕೆ?

ಬಾಡಿಗೆಮನೆ_ಉಡುಪಿ:
ಕುಂಜಿಬೆಟ್ಟಿನ ಹತ್ತಿರ ಹೊಸ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಯ್ತು. ಬಾವಿ ಉಂಟು, ಗಾಳಿ ಬೆಳಕು ಉಂಟು, ಓನರೂ ಒಳ್ಳೆಯವರು. ತೊಂದರೆ ಪಾಗಾರದ್ದು. ಸಾರಣೆ ಮಾಡದೆ ಹಾಗೇ ಬಿಟ್ಟ ಹಳೇ ಮುರಕಲ್ಲು, ಸರಿಯಾಗಿ ಅಡುಗೆಮನೆ ಕಿಟಕಿಯ ಎದುರಿಗೆ. ಸಂಜೆ ಚಹಾಕ್ಕೆ ನೀರಿಟ್ಟು ಹೊರಗೆ ನೋಡಿದರೆ ಗೋಡೆ ತುಂಬ ತೂತು. ಕುತ್ತಿಗೆ ಹಿಂದೆ ಜುಂ ಅನ್ನುತ್ತದೆ, ಕೈ ತುರಿಸುತ್ತದೆ, ಹೊಟ್ಟೆ ತೊಳಸಿದ ಹಾಗಾಗುತ್ತದೆ. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಣಜದ ಗೂಡು, ತಾವರೆಯ ಬೀಜದ ಕಾಯಿ ಕಂಡರೂ ಇದೇ ಕತೆ. ಇದು ಹೆದರಿಕೆ ಅಲ್ಲ, ಒಂಥರಾ ಹೇಸಿಗೆ.

ನಮ್ಮವರಿಗೆ ಹೇಳಿದರೆ "ಬೆಳಿಗ್ಗೆ ಎಂಟು ನೀರು ದೋಸೆ ತಿನ್ನುವಾಗ ತೂತು ಕಾಣಲಿಲ್ವಾ" ಅಂತ ನಗುತ್ತಾರೆ. ಅವರು ಹೇಳುವುದೂ ಸರಿಯೇ, ದೋಸೆಗೆ ಯಾಕೆ ಏನೂ ಆಗುವುದಿಲ್ಲ? ಹೀಗೆ ಬೇರೆ ಯಾರಿಗಾದರೂ ಆಗುತ್ತದಾ?

ಸುಮ್ನೆ_ಓದುವವ:
ಎಲ್ಲರ ಮನೆ ದೋಸೆಯೂ ತೂತೇ ಅಂತಾರೆ, ನಿಮ್ಮದು ಪಾಗಾರವೂ ತೂತು 😀 ತಮಾಷೆಗೆ ಹೇಳಿದ್ದು, ಬೇಜಾರು ಮಾಡಬೇಡಿ. ನನಗೆ ಗೋಡೆ ನೋಡಿದರೆ ಏನೂ ಇಲ್ಲ, ಆದರೆ ನಾಯಿ ಕಿವಿಯೊಳಗೆ ಉಣುಗು ಒತ್ತಾಗಿ ಕೂತದ್ದು ಕಂಡರೆ ಆ ಹೊತ್ತಿನ ಊಟ ಸೇರುವುದಿಲ್ಲ. ಅದು ತೂತಲ್ಲ ಮಾರಾಯ್ರೆ, ಉಬ್ಬು. ಹಾಗಾದರೆ ಇದು ತೂತಿನ ವಿಷಯವೇ ಅಲ್ವೋ ಏನೋ.

ಕಣ್ಣಿನ_ಹುಚ್ಚು:
ಅಲ್ಲ ಅಂತಲೇ ಕಾಣುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಇದಕ್ಕೆ ಟ್ರೈಪೋಫೋಬಿಯಾ ಅನ್ನುತ್ತಾರೆ. ಪದ ಹುಟ್ಟಿದ್ದು 2005ರಲ್ಲಿ, ಇಂಟರ್‌ನೆಟ್ಟಿನಲ್ಲಿ, ಡಾಕ್ಟರುಗಳ ಪುಸ್ತಕದಲ್ಲಿ ಅಲ್ಲ. ಗ್ರೀಕಿನಲ್ಲಿ ತೂತಿಗೆ ಟ್ರೈಪಾ ಅನ್ನುವುದರಿಂದ ಆ ಹೆಸರು. 2013ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ 286 ಜನರಿಗೆ ತಾವರೆ ಬೀಜದ ಕಾಯಿಯ ಚಿತ್ರ ತೋರಿಸಿದರು. ಗಂಡಸರಲ್ಲಿ 11%, ಹೆಂಗಸರಲ್ಲಿ 18% ಜನ ನೋಡಲು ಆಗುವುದಿಲ್ಲ ಅಂದರು. ಹಾಗಾಗಿ ನೀವು ಒಬ್ಬರೇ ಅಲ್ಲ.

ಅವರು ಚಿತ್ರಗಳನ್ನು ಅಳೆದೂ ನೋಡಿದರು. ತೀರಾ ಸಣ್ಣದೂ ಅಲ್ಲದ ದೊಡ್ಡದೂ ಅಲ್ಲದ ಚುಕ್ಕೆಗಳು, ಕಪ್ಪಿಗೂ ಬೆಳಕಿಗೂ ಜೋರು ವ್ಯತ್ಯಾಸ, ಮತ್ತೆ ಮತ್ತೆ ಅದೇ. ಗಿಡ ಮರ ಆಕಾಶ ನೋಡಿ ಬೆಳೆದ ಕಣ್ಣಿಗೆ ಇಂಥ ಚಿತ್ರ ಸಲೀಸಲ್ಲ. ನೀಲಿ ಉಂಗುರದ ಆಕ್ಟೋಪಸ್ಸಿನಂಥ ವಿಷದ ಪ್ರಾಣಿಗಳ ಮೈಮೇಲೂ ಇದೇ ಮಾದರಿ ಇದೆ, ಅದಕ್ಕೇ ಮನುಷ್ಯ ಹಿಂದೆ ಸರಿಯುತ್ತಾನೆ ಅಂತ ಅವರ ಊಹೆ. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. 2017ರಲ್ಲಿ ಸಣ್ಣ ಮಕ್ಕಳನ್ನು ಪರೀಕ್ಷೆ ಮಾಡಿದವರಿಗೂ, ಮಕ್ಕಳು ಮುಖ ತಿರುಗಿಸುವುದು ಆ ಮಾದರಿಗೇ, ವಿಷದ ಪ್ರಾಣಿಯ ನೆನಪಿಗೆ ಅಲ್ಲ ಅಂತ ಕಂಡಿತು. ನನಗೆ ಜಾಸ್ತಿ ಒಪ್ಪಿಗೆಯಾಗುವುದು 2018ರಲ್ಲಿ ಟಾಮ್ ಕುಪ್ಫರ್ ಮತ್ತು ಆನ್ ಲೆ ಬರೆದದ್ದು. ಕಜ್ಜಿ, ಸಿಡುಬು, ಮೈಗೆ ಹತ್ತುವ ಹುಳ, ಎಲ್ಲ ಗುಂಪಾಗಿಯೇ ಇರುತ್ತವೆ ಅಲ್ವಾ? ಅದರಿಂದ ದೂರ ಇರು ಅಂತ ದೇಹವೇ ಹೇಳುವುದು. ಕೈ ತುರಿಸಲು ಬೇರೆ ಕಾರಣ ಬೇಕಾ? ಉಣುಗಿನ ಲೆಕ್ಕವೂ ಅದೇ.

ಹೆದರಿಕೆ ಅಲ್ಲ ಅಂದಿರಲ್ಲ, ಅದೂ ಸರಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2018ರಲ್ಲಿ ನೋಡಿದಂತೆ, ಹಾವು ಜೇಡದ ಚಿತ್ರಕ್ಕೆ ಕಣ್ಣಿನ ಪಾಪೆ ಹಿಗ್ಗಿತು, ತೂತಿನ ಚಿತ್ರಕ್ಕೆ ಕುಗ್ಗಿತು.

ಇನ್ನು ದೋಸೆ. ಇದು ನನ್ನ ಸ್ವಂತ ಲೆಕ್ಕ. ದೋಸೆ ಬಿಳಿ, ತೂತಿನೊಳಗೂ ಬಿಳಿ ಬಟ್ಟಲೇ ಕಾಣುವುದು, ನೆರಳೇ ಇಲ್ಲ. ಮುರಕಲ್ಲಿನಲ್ಲಿ ಒಳಗಿನ ಮೆತ್ತನೆ ಜೇಡಿಮಣ್ಣು ವರ್ಷ ವರ್ಷ ಮಳೆಗೆ ತೊಳೆದು ಹೋಗಿ ತೂತು ಆಳವಾಗುತ್ತದೆ, ಸಂಜೆ ಓರೆ ಬಿಸಿಲು ಬಿದ್ದರೆ ಪ್ರತಿ ತೂತೂ ಕಪ್ಪು. ಮೋಡ ಇರುವ ದಿನ ನೋಡಿ, ಮತ್ತೆ ಕನ್ನಡಕ ಇದ್ದರೆ ತೆಗೆದು ನೋಡಿ.

ಮಲ್ಪೆ_ಬೋಟು:
ನಮ್ಮಲ್ಲಿ ಜೂನ್, ಜುಲೈ ಮೀನುಗಾರಿಕೆಗೆ ರಜೆ. ಬೋಟು ಮೇಲಕ್ಕೆ ಎಳೆದರೆ ಅಡಿ ತುಂಬ ಬಿಳಿ ಚಿಪ್ಪು ಅಂಟಿಕೊಂಡಿರುತ್ತದೆ, ಒಂದೊಂದಕ್ಕೂ ಬಾಯಿ. ಮೊದಲ ವರ್ಷ ಕೆರೆದು ತೆಗೆಯುವಾಗ ವಾಂತಿ ಬಂದ ಹಾಗಾಗಿತ್ತು, ದೊಡ್ಡವರ ಎದುರು ಹೇಳಲು ನಾಚಿಕೆ. ಈಗ ಅದರ ಪಕ್ಕದಲ್ಲೇ ಕೂತು ಊಟ ಮಾಡುತ್ತೇನೆ. ಆದರೆ ಮೊಬೈಲಿನಲ್ಲಿ ಮನುಷ್ಯರ ಚರ್ಮದ ಮೇಲೆ ತಾವರೆ ಕಾಯಿ ಅಂಟಿಸಿದ ಸುಳ್ಳು ಫೋಟೋ ಬರುತ್ತದಲ್ಲ, ಅದು ಮಾತ್ರ ಇವತ್ತಿಗೂ ಆಗುವುದಿಲ್ಲ. ಅದನ್ನು ಕಳಿಸುವವರಿಗೆ ಬೇರೆ ಕೆಲಸ ಇಲ್ವಾ?

ಬಾಡಿಗೆಮನೆ_ಉಡುಪಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೋಡ ಇತ್ತು, ಗೋಡೆ ನೋಡಿದೆ, ಮೈ ಜುಂ ಅನ್ನಲಿಲ್ಲ ಅಂತಲ್ಲ, ಅರ್ಧಕ್ಕರ್ಧ ಕಡಿಮೆ. ಕನ್ನಡಕ ತೆಗೆದರೆ ಬರೀ ಕೆಂಪು ಗೋಡೆ, ಏನೂ ಇಲ್ಲ. ಹಾಗಂತ ಕನ್ನಡಕ ತೆಗೆದು ಸಾರಿಗೆ ಒಗ್ಗರಣೆ ಹಾಕಲು ಆಗುತ್ತದಾ. ಸಾರಣೆ ಮಾಡಿಸುವಿರಾ ಅಂತ ಓನರನ್ನು ಕೇಳಿದರೆ, ಮುರಕಲ್ಲು ಕಾಣುವುದೇ ಚಂದ, ಈಗ ಹೊಸ ಮನೆಯವರು ದುಡ್ಡು ಕೊಟ್ಟು ಹಾಗೆ ಮಾಡಿಸುತ್ತಾರೆ ಅಂದರು. ಕಡೆಗೆ ಕಿಟಕಿಯ ಎದುರು ಬಸಳೆ ಚಪ್ಪರ ಹಾಕುವುದು ಅಂತ ಆಯ್ತು. ಗೋಡೆಯೂ ಮುಚ್ಚುತ್ತದೆ, ಪದಾರ್ಥಕ್ಕೂ ಆಗುತ್ತದೆ.

ಸುಮ್ನೆ_ಓದುವವ:
ಒಳ್ಳೆಯದು. ಆದರೆ ಬಸಳೆಗೆ ಚುಕ್ಕಿ ರೋಗ ಬಂದರೆ ಎಲೆ ತುಂಬ ತೂತು ಮಾರಾಯ್ರೆ, ಈಗಲೇ ಹೇಳಿದ್ದೇನೆ.