ಕರ್ನಲ್‌ನ ಫೈಲ್‌ಸಿಸ್ಟಮ್ ಕೋಡ್ ಶುಚಿ ಮಾಡುವುದು: ಅನುಭವ ಇರುವವರು ಹೇಳಿ

ಪ್ರಶ್ನೆ, ಹಾಸನದಿಂದ:
ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಲಿನಕ್ಸ್ ಕರ್ನಲ್‌ನ ಎಫ್‌ಎಸ್ ಡೈರೆಕ್ಟರಿಯಲ್ಲಿ ಹಳೆ ಕೋಡ್ ಚೊಕ್ಕ ಮಾಡುವ ಕೆಲಸಕ್ಕೆ ಕೈ ಹಾಕಬೇಕೆಂದಿದ್ದೇನೆ. ಚಿಕ್ಕದು ಅಂತ ಮಿನಿಕ್ಸ್ ಫೈಲ್‌ಸಿಸ್ಟಮ್ ಆರಿಸಿಕೊಂಡಿದ್ದೇನೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಹಾಸ್ಟೆಲ್ ನೆಟ್. ಎಲ್ಲಿಂದ ಶುರು ಮಾಡಲಿ? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಚಿಕ್ಕಮಗಳೂರಿನಿಂದ:
ಸ್ಪೇಸು, ಟ್ಯಾಬು ತಿದ್ದುವುದರಿಂದ ಮಾತ್ರ ಶುರು ಮಾಡಬೇಡಿ. ಕೋಡ್ ಶೈಲಿ ನೋಡುವ ಚೆಕ್‌ಪ್ಯಾಚ್ ಸ್ಕ್ರಿಪ್ಟನ್ನು ಹಳೆ ಫೈಲಿನ ಮೇಲೆ ಓಡಿಸಿದರೆ ರಾಶಿ ದೂರು ಬರುತ್ತವೆ. ಅಷ್ಟನ್ನೇ ತಿದ್ದಿ ಕಳಿಸಿದ ಪ್ಯಾಚನ್ನು ಎಫ್‌ಎಸ್ ಕಡೆಯ ಮೇಂಟೇನರುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಗಿಟ್ ಬ್ಲೇಮ್ (ಯಾವ ಸಾಲು ಯಾವ ಕಮಿಟ್‌ನದು ಅಂತ ತೋರಿಸುವುದು) ಓದಲಾಗದಂತಾಗುತ್ತದೆ, ಸ್ಟೇಬಲ್ ಕರ್ನಲ್‌ಗೆ ಬ್ಯಾಕ್‌ಪೋರ್ಟ್ ಮಾಡುವವರಿಗೆ (ದುರಸ್ತಿಯನ್ನು ಹಳೆ ಆವೃತ್ತಿಗೆ ಒಯ್ಯುವವರಿಗೆ) ಕಾನ್‌ಫ್ಲಿಕ್ಟ್ ಕಾಟ ಶುರುವಾಗುತ್ತದೆ.

ನಿಜವಾದ ಕಸ ಇರುವುದು ಎರರ್ ಪಾತ್‌ಗಳಲ್ಲಿ, ಅಂದರೆ ಏನಾದರೂ ತಪ್ಪಾದಾಗ ಓಡುವ ಕೋಡಿನಲ್ಲಿ. ಮೌಂಟ್ ಮಾಡುವಾಗ ಓಡುವ ಫಿಲ್_ಸೂಪರ್ ಫಂಕ್ಷನ್ ತೆರೆದು, ಒಂದೊಂದು ಗೋಟು ಲೇಬಲ್ ಎದುರಿಗೂ ಆ ಹೊತ್ತಿಗೆ ಏನೇನು ಹಿಡಿದಿದ್ದೇವೆ, ಬಿಡುವ ಹೊಣೆ ಯಾರದು ಅಂತ ಕಾಗದದಲ್ಲಿ ಬರೆದುಕೊಳ್ಳಿ. ಆಗ ಮೂರು ವಿಷಯ ಗಮನಕ್ಕೆ ಬರುತ್ತವೆ.

ರೂಟ್ ಡೈರೆಕ್ಟರಿ ಸಿದ್ಧಮಾಡುವ ಡಿ_ಮೇಕ್_ರೂಟ್‌ಗೆ ಐನೋಡ್ (ಫೈಲಿನ ವಿವರ ಇರುವ ದಾಖಲೆ) ಕೊಟ್ಟ ಮೇಲೆ ಅದು ನಿಮ್ಮದಲ್ಲ. ಆ ಫಂಕ್ಷನ್ ಫೇಲಾದರೆ ಐನೋಡನ್ನು ತಾನೇ ಬಿಟ್ಟಿರುತ್ತದೆ. ನೀವು ಮತ್ತೆ ಐನೋಡ್ ಬಿಡುವ ಐಪುಟ್ ಕರೆದರೆ ಎರಡು ಸಲ ಬಿಟ್ಟಂತಾಗುತ್ತದೆ.

ಮೌಂಟ್ ಅರ್ಧಕ್ಕೆ ನಿಂತರೆ ಅನ್‌ಮೌಂಟ್ ಹೊತ್ತಿಗೆ ಓಡುವ ಪುಟ್_ಸೂಪರ್ ಹೇಗೂ ಬರುತ್ತದೆ, ಎಲ್ಲ ಬಿಡಿಸುತ್ತದೆ ಅಂತ ಅಂದುಕೊಂಡು ಕ್ಲೀನಪ್ ಸಾಲುಗಳನ್ನು ಕಿತ್ತುಹಾಕುವವರಿದ್ದಾರೆ. ಎಸ್_ರೂಟ್ (ರೂಟ್ ಡೈರೆಕ್ಟರಿಯ ಪಾಯಿಂಟರ್) ತುಂಬಿದ್ದರೆ ಮಾತ್ರ ಪುಟ್_ಸೂಪರ್ ಕರೆ ಬರುವುದು. ಅದಕ್ಕೂ ಮೊದಲೇ ಫೇಲಾದರೆ ಬಿಟ್‌ಮ್ಯಾಪ್ ಬಫರುಗಳು, ಎಸ್_ಎಫ್‌ಎಸ್_ಇನ್ಫೋ ಎಲ್ಲವನ್ನೂ ಫಿಲ್_ಸೂಪರ್ ತಾನೇ ಬಿಡಬೇಕು, ಇಲ್ಲವೇ ಮೌಂಟ್ ಫೇಲಾದರೂ ಓಡುವ ಕಿಲ್_ಎಸ್‌ಬಿಯಲ್ಲಿ ಬಿಡಬೇಕು. ಎರಡೂ ಕಡೆ ಬಿಟ್ಟರೆ ಡಬಲ್ ಫ್ರೀ.

ಇನ್ನು ನಲ್ ಚೆಕ್‌ಗಳು. ಹಿಡಿದದ್ದನ್ನು ಬಿಡುವ ಕೆಫ್ರೀ, ಬ್ರೆಲ್ಸ್, ಐಪುಟ್ ಮೂರೂ ನಲ್ ಬಂದರೆ ಸುಮ್ಮನಿರುತ್ತವೆ. ಅವುಗಳ ಮುಂದಿನ ಇಫ್ ತೆಗೆಯಬಹುದು. ಆದರೆ ಐನೋಡ್ ತಂದುಕೊಡುವ ಮಿನಿಕ್ಸ್_ಐಗೆಟ್ ತಪ್ಪಾದಾಗ ಕೊಡುವುದು ನಲ್ ಅಲ್ಲ, ಎರರ್ ಪಾಯಿಂಟರ್. ಈಸ್_ಎರರ್ ನೋಡದೆ ಅದನ್ನು ಮುಂದಕ್ಕೆ ದಾಟಿಸಿದರೆ ಕರ್ನಲ್ ಊಪ್ಸ್ (ಕರ್ನಲ್ ಒಳಗಿನ ಕ್ರ್ಯಾಶ್) ಖಂಡಿತ.

ಸಕಲೇಶಪುರದಿಂದ:
ಮೇಲಿನವರು ಹೇಳಿದ್ದನ್ನು ಪರೀಕ್ಷಿಸುವ ದಾರಿ ಹೇಳುತ್ತೇನೆ. ಸರಿಯಾದ ಇಮೇಜ್ ಮೌಂಟ್ ಮಾಡಿ ನೋಡಿದರೆ ಎರರ್ ಪಾತ್ ಓಡುವುದೇ ಇಲ್ಲ. ಕೆಟ್ಟ ಇಮೇಜನ್ನು ನೀವೇ ತಯಾರಿಸಬೇಕು.

ಟ್ರಂಕೇಟ್‌ನಿಂದ 1 ಎಂಬಿ ಫೈಲ್ ಮಾಡಿ, ಎಂಕೆಎಫ್‌ಎಸ್ ಡಾಟ್ ಮಿನಿಕ್ಸ್ ಓಡಿಸಿ. ಬ್ಲಾಕ್ 1024 ಬೈಟಿನದು: 0ನೇದು ಬೂಟ್, 1ನೇದು ಸೂಪರ್‌ಬ್ಲಾಕ್, 2 ಐನೋಡ್ ಬಿಟ್‌ಮ್ಯಾಪ್, 3 ಝೋನ್ ಬಿಟ್‌ಮ್ಯಾಪ್. ಇಷ್ಟು ಚಿಕ್ಕ ಇಮೇಜಿನಲ್ಲಿ ಎರಡೂ ಬಿಟ್‌ಮ್ಯಾಪ್ ಒಂದೊಂದೇ ಬ್ಲಾಕಿನಲ್ಲಿ ಮುಗಿಯುವುದರಿಂದ ಐನೋಡ್ ಟೇಬಲ್ 4ರಿಂದ ಶುರು, ಅದರ ಮೊದಲನೆಯದೇ ರೂಟ್ ಐನೋಡ್. ಇಮೇಜಿನ ಎರಡು ನಕಲು ಮಾಡಿ. ಒಂದರಲ್ಲಿ ಡಿಡಿಯಿಂದ 1ನೇ ಬ್ಲಾಕಿಗೆ ಸೊನ್ನೆ ತುಂಬಿ, ಇನ್ನೊಂದರಲ್ಲಿ 4ನೇ ಬ್ಲಾಕಿಗೆ (ಬಿಎಸ್ 1024, ಸೀಕ್ 4, ಕೌಂಟ್ 1). ಕಾನ್ವ್ ಜಾಗದಲ್ಲಿ ನೋಟ್ರಂಕ್ ಹಾಕುವುದು ಮರೆಯಬೇಡಿ. ಮರೆತರೆ ಫೈಲ್ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಮೊದಲನೆಯದು ಮ್ಯಾಜಿಕ್ ನಂಬರ್ ಸಿಗದೆ ಬೀಳುತ್ತದೆ, ಎರಡನೆಯದು ಬಿಟ್‌ಮ್ಯಾಪ್ ಓದಿದ ಮೇಲೆ ರೂಟ್ ಐನೋಡ್ ಹತ್ತಿರ ಬೀಳುತ್ತದೆ. ಎರಡೂ ಬೇರೆ ಬೇರೆ ಲೇಬಲ್‌ಗೆ ಹಾರುತ್ತವೆ, ಹಾಗಾಗಿ ಎರಡೂ ಬೇಕು.

ಡ್ರೈವರನ್ನು ಮಾಡ್ಯೂಲ್ ಆಗಿ ಕಟ್ಟಿ. ಮೌಂಟ್ ಫೇಲಾದ ಮೇಲೆ ಆರ್‌ಎಂಮಾಡ್ ಮಾಡಿ ಡಿಮೆಸೇಜ್ ನೋಡಿ. ಐನೋಡ್ ಸೋರಿದ್ದರೆ ಸ್ಲ್ಯಾಬ್ ಕ್ಯಾಶೆಯಲ್ಲಿ ಇನ್ನೂ ಆಬ್ಜೆಕ್ಟ್ ಉಳಿದಿವೆ ಅಂತ ಎಚ್ಚರಿಕೆ ಬರುತ್ತದೆ. ಮೆಮೊರಿ, ಲಾಕ್ ಮುಂತಾದವುಗಳ ತಪ್ಪು ಬಳಕೆ ಹಿಡಿಯುವ ಕೇಸಾನ್, ಪ್ರೂವ್ ಲಾಕಿಂಗ್, ಡೀಬಗ್ ಅಟಾಮಿಕ್ ಸ್ಲೀಪ್ ಕಾನ್‌ಫಿಗ್‌ಗಳು ಆನ್ ಇರಲಿ. ಇದೆಲ್ಲ ಕ್ಯುಇಎಂಯು (ವರ್ಚುವಲ್ ಯಂತ್ರ) ಒಳಗೆ ಮಾತ್ರ; 2 ಜಿಬಿ ಮೆಮೊರಿ ಸಾಕು, ಸೀರಿಯಲ್ ಕನ್ಸೋಲನ್ನು ಫೈಲಿಗೆ ಬರೆಸಿಕೊಳ್ಳಿ.

ಮೂಡಿಗೆರೆಯಿಂದ:
ನೆಟ್ ಮತ್ತು ಕರೆಂಟಿನ ಮಾತು. ಗಿಟ್ ಕ್ಲೋನ್ ನಡುವೆ ಕಡಿದರೆ ಮೊದಲಿಂದಲೇ ಶುರು. ಕರ್ನಲ್ ಡಾಟ್ ಆರ್ಗ್‌ನಲ್ಲಿ ಕ್ಲೋನ್ ಡಾಟ್ ಬಂಡಲ್ ಫೈಲ್ ಇದೆ. ಡಬ್ಲ್ಯುಗೆಟ್‌ಗೆ ಸಿ ಆಯ್ಕೆ ಕೊಟ್ಟು ಇಳಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅದರಿಂದ ಕ್ಲೋನ್ ಮಾಡಿ, ರಿಮೋಟ್ ವಿಳಾಸ ಬದಲಿಸಿ, ಬಾಕಿಯನ್ನು ಫೆಚ್ ಮಾಡಿ. ಡೆಪ್ತ್ 1 ಕ್ಲೋನ್ ಬೇಡ. ಈ ಕೆಲಸಕ್ಕೆ ಇತಿಹಾಸವೇ ಮುಖ್ಯ, ವಿಚಿತ್ರವಾಗಿ ಕಾಣುವ ಸಾಲು ಏಕಿದೆ ಅನ್ನುವುದು ಹಳೆ ಕಮಿಟ್ ಸಂದೇಶದಲ್ಲೇ ಸಿಗುವುದು.

ಮಳೆಗಾಲದಲ್ಲಿ ಬಿಲ್ಡ್ ನಡುವೆ ಕರೆಂಟು ಹೋಗಿ ಡೆಸ್ಕ್‌ಟಾಪ್ ಆಫ್ ಆದರೆ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲುಗಳು ಉಳಿದುಬಿಡಬಹುದು. ಮೇಕ್ ಅವನ್ನು ಮುಗಿದವು ಅಂತಲೇ ಲೆಕ್ಕ ಹಿಡಿಯುತ್ತದೆ, ಲಿಂಕರ್ ಮಾತ್ರ ಫೈಲ್ ಗುರುತಿಸಲಾಗಲಿಲ್ಲ ಅಂತ ನಿಲ್ಲುತ್ತದೆ. ಫೈಂಡ್‌ನಲ್ಲಿ ಸೈಜ್ 0 ಕೊಟ್ಟು ಆ ಡಾಟ್ ಓ ಫೈಲುಗಳನ್ನು ಅಳಿಸಿದರೆ ಸಾಕು, ಮೇಕ್ ಕ್ಲೀನ್ ಬೇಕಿಲ್ಲ.

ಹಾಸನದಿಂದ, ಮತ್ತೆ:
ತುಂಬಾ ಉಪಕಾರವಾಯಿತು ಸರ್. ಫೋಲಿಯೋಗೆ ಬದಲಾಯಿಸುವ ಕೆಲಸ ಹೇಗೆ?

ಚಿಕ್ಕಮಗಳೂರಿನಿಂದ:
ಫೋಲಿಯೋ ಅಂದರೆ ಒಂದು ಅಥವಾ ಹೆಚ್ಚು ಮೆಮೊರಿ ಪೇಜುಗಳ ಗುಂಪು. ಅದು ಬಂದದ್ದು ಕರ್ನಲ್ 5.16ರಲ್ಲಿ, 2022ರ ಜನವರಿ. ಪೇಜ್ ಅಂತಿದ್ದ ಕಡೆ ಫೋಲಿಯೋ ಅಂತ ಬರೆದರೆ ಕಂಪೈಲ್ ಆಗಬಹುದು, ಆದರೆ ಫೋಲಿಯೋ ಒಂದು ಪೇಜಿಗಿಂತ ದೊಡ್ಡದಿರಬಹುದು. ಪೇಜ್_ಸೈಜ್ ಅಂತ ಗಟ್ಟಿ ಬರೆದ ಲೆಕ್ಕವನ್ನೆಲ್ಲ ಫೋಲಿಯೋ_ಸೈಜ್, ಆಫ್‌ಸೆಟ್_ಇನ್_ಫೋಲಿಯೋ ಕಡೆಗೆ ತಿರುಗಿಸಿ. ಕೆಮ್ಯಾಪ್_ಲೋಕಲ್_ಫೋಲಿಯೋ 32 ಬಿಟ್ ಹೈಮೆಮ್ ಯಂತ್ರದಲ್ಲಿ (ಎಲ್ಲ ಮೆಮೊರಿ ಕರ್ನಲ್‌ಗೆ ನೇರ ಸಿಗದ ಕಡೆ) ಒಂದೇ ಪೇಜನ್ನು ಮ್ಯಾಪ್ ಮಾಡುತ್ತದೆ, ಅದರಾಚೆ ಓದಿದರೆ ತಪ್ಪು; 64 ಬಿಟ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಹಾಗಾಗಿ 32 ಬಿಟ್ ಕರ್ನಲ್ ಕಟ್ಟಿ ಕ್ಯುಇಎಂಯುನಲ್ಲಿ ಓಡಿಸಲೇಬೇಕು. ಎರಡು ಮ್ಯಾಪ್ ಹಿಡಿದಿದ್ದರೆ ಕೊನೆಗೆ ಹಿಡಿದದ್ದನ್ನು ಮೊದಲು ಬಿಡಿ.

ಸಕಲೇಶಪುರದಿಂದ:
ಹೆಸರು ಬದಲಾವಣೆ, ಸಾಲು ಜೋಡಣೆಯಂಥ ಪ್ಯಾಚ್‌ಗೆ ಹಿಂದಿನ, ಮುಂದಿನ ಆಬ್ಜೆಕ್ಟ್‌ಗಳ ಆಬ್ಜ್‌ಡಂಪ್ (ಮಷಿನ್ ಕೋಡಿನ ಪಟ್ಟಿ) ಹೋಲಿಸಿ. ವ್ಯತ್ಯಾಸ ಬಂದರೆ ಅದಕ್ಕೆ ಕಾರಣ ಗೊತ್ತಾಗುವವರೆಗೆ ಕಳಿಸಬೇಡಿ. ಮೇಕ್‌ಗೆ ಸಿ=2 ಕೊಟ್ಟು ಸ್ಪಾರ್ಸ್ (ಕೋಡ್ ತಪಾಸಣೆಯ ಸಾಧನ) ಓಡಿಸಿದರೆ, ಡಿಸ್ಕಿನ ಸಂಖ್ಯೆಗಳಿಗೆ ಲಿಟ್ಲ್ ಎಂಡಿಯನ್ (ಬೈಟುಗಳ ಕ್ರಮ) ಅಂತ ಟೈಪ್ ಕೊಟ್ಟಿರುವ ಫೈಲ್‌ಸಿಸ್ಟಮ್‌ಗಳಲ್ಲಿ ಅವು ಹಾಗೇ ಬಳಕೆಯಾದ ಕಡೆ ತೋರಿಸುತ್ತದೆ; ಮಿನಿಕ್ಸ್‌ನಲ್ಲಿ ಅಂಥ ಟೈಪ್ ಇಲ್ಲ.

ಚೊಕ್ಕ ಮಾಡುವಾಗ ನಿಜವಾದ ಸೋರಿಕೆ ಸಿಕ್ಕಿದರೆ ಆ ದುರಸ್ತಿಯೇ ಸರಣಿಯ ಮೊದಲ ಪ್ಯಾಚ್ ಆಗಲಿ, ಫಿಕ್ಸಸ್ ಸಾಲಿನಲ್ಲಿ ಮೂಲ ಕಮಿಟ್‌ನ ಮೊದಲ 12 ಅಕ್ಷರ ಬರೆಯಿರಿ. ಸ್ಟೇಬಲ್‌ಗೆ ಹೋಗುವುದು ಅದೊಂದೇ. ಅಂದಗೊಳಿಸಿದ ಕೋಡ್‌ನ ಮೇಲೆ ದುರಸ್ತಿ ಕೂರಿಸಿದರೆ ಹಳೆ ಕರ್ನಲ್‌ಗೆ ಅದು ಹತ್ತುವುದಿಲ್ಲ.