ಅಜ್ಜಿ ಕೇಳಿದ್ರು, ಈ ಆದಿತ್ಯವಾರ ಯಾವ ಆದಿತ್ಯವಾರ ಅಂತ

ಉಡುಪಿ ಮಿಶನ್ ಕಂಪೌಂಡಿನವಳು, ಈಗ ಟೊರೊಂಟೊ ಹತ್ತಿರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊನ್ನೆ ವೀಡಿಯೊ ಕಾಲ್‌ನಲ್ಲಿ ನಮ್ಮ ಅತ್ತೆ ನನ್ನ ಮಗಳನ್ನು ಕೇಳಿದರು, "ಬರುವ ಆದಿತ್ಯವಾರ ಯಾವ ಆದಿತ್ಯವಾರ ಹೇಳು ನೋಡುವ?" ಮಗಳಿಗೆ ಒಂಬತ್ತು ವರ್ಷ. "ಸಂಡೇ ಅಂದ್ರೆ ಸಂಡೇ ಅಜ್ಜಿ" ಅಂದಳು. ಅತ್ತೆ ನಕ್ಕರು. ಆಮೇಲೆ ನನ್ನ ಹತ್ತಿರ ಅಡುಗೆ ಎಂತ ಅಂತಲೂ ಕೇಳದೆ ಫೋನ್ ಇಟ್ಟರು.

ಚರ್ಚಿನ ವರ್ಷದಲ್ಲಿ ಪ್ರತಿ ಆದಿತ್ಯವಾರಕ್ಕೂ ಒಂದು ಹೆಸರು, ಒಂದು ಬೈಬಲ್ ಪಾಠ ಉಂಟಲ್ಲ, ಊರಲ್ಲಿ ನಮಗೆ ಅದನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ. ಗಡಿಯಾರದ ಕೆಳಗೆ ಮೊಳೆಗೆ ಸಭಾ ಪಂಚಾಂಗ, ಅಂದರೆ ಚರ್ಚಿನ ಕ್ಯಾಲೆಂಡರ್, ನೇತಾಡುತ್ತಿತ್ತು. ಶನಿವಾರ ರಾತ್ರಿ ಊಟ ಆದ ಮೇಲೆ ಅಪ್ಪ ಅದನ್ನು ಇಳಿಸಿ, ಮರುದಿನದ ಪಾಠ ಯಾವುದು ನೋಡಿ, ಬೈಬಲಿನ ಆ ಪುಟಕ್ಕೆ ಹಳೆ ಬಸ್ ಟಿಕೆಟ್ ಸಿಕ್ಕಿಸಿ ಇಡುತ್ತಿದ್ದರು. ಚರ್ಚಿನ ಪೀಠದ ಬಟ್ಟೆ ನೇರಳೆ ಆದರೆ ಕಾಯುವ ಕಾಲ. ಬಿಳಿ ಬಂದರೆ ಹಬ್ಬ. ಪವಿತ್ರಾತ್ಮ ಇಳಿದು ಬಂದ ಹಬ್ಬ ಪೆಂತೆಕೊಸ್ತಿಗೆ ಒಂದು ದಿನ ಕೆಂಪು, ಆಮೇಲೆ ಮಳೆಗಾಲ ಪೂರ್ತಿ ಹಸಿರು. ಓದಲು ಬರುವ ಮೊದಲೇ ಇಷ್ಟು ಗೊತ್ತಿತ್ತು.

ಇಲ್ಲಿ ನಾವು ಹೋಗುವುದು ದೊಡ್ಡ ಹಾಲ್ ಇರುವ ಸಭೆಗೆ. ಗಿಟಾರ್, ಡ್ರಮ್ಸ್, ಕೊನೆಗೆ ಕಾಫಿ. ಜನ ಒಳ್ಳೆಯವರು, ದೂರು ಇಲ್ಲ. ಆದರೆ ಪೀಠವೂ ಇಲ್ಲ, ಬಟ್ಟೆಯೂ ಇಲ್ಲ. ಅಡ್ವೆಂಟ್, ಅಂದರೆ ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಆದಿತ್ಯವಾರದ ಆಗಮನ ಕಾಲ, ಮಗಳಿಗೆ ಅಂಗಡಿಯಲ್ಲಿ ಸಿಗುವ 24 ಕಿಟಕಿಯ ಚಾಕಲೇಟ್ ಡಬ್ಬಿ. ಡಿಸೆಂಬರ್ 26ಕ್ಕೆ ಬೀದಿ ತುಂಬ ಎಸೆದ ಕ್ರಿಸ್ಮಸ್ ಮರ. ನಮ್ಮ ಲೆಕ್ಕದಲ್ಲಿ ಹಬ್ಬ ಶುರುವಾಗಿ ಒಂದೇ ದಿನ ಆಗಿರುತ್ತದೆ, ಜನವರಿ 6ರ ವರೆಗೆ ಉಂಟಲ್ವಾ?

2025ರ ಆಗಮನದ ಮೊದಲ ಆದಿತ್ಯವಾರ ನವೆಂಬರ್ 30. ಮನೆಯಲ್ಲೇ ಶುರು ಮಾಡುವ ಅಂತ. ಕೇಳುವುದು ಇಷ್ಟು. ಯಾವ ಪಾಠ ಓದಬೇಕು? ಮಕ್ಕಳಿಗೆ ಕನ್ನಡ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಯಾವ ಭಾಷೆಯಲ್ಲಿ ಓದಲಿ? ಮತ್ತೆ ಆದಿತ್ಯವಾರಕ್ಕೊಂದರಂತೆ ಹಚ್ಚಲು ನೇರಳೆ ಮೇಣದಬತ್ತಿ ಬೇಕಿತ್ತು, ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ. ಏನು ಮಾಡಲಿ?

ಕಲ್ಯಾಣಪುರದವಳು, ಕುವೈತ್:

ಅಯ್ಯೋ ನಿಮ್ಮದು ಏನೂ ಅಲ್ಲ ಮಾರಾಯ್ರೆ. ಇಲ್ಲಿ ಶುಕ್ರವಾರ ರಜೆ, ಹಾಗಾಗಿ ನಮ್ಮ ಆದಿತ್ಯವಾರವೇ ಶುಕ್ರವಾರ. ಈಸ್ಟರಿಗೆ ಹಿಂದಿನ ವಾರದ ಗರಿಗಳ ಭಾನುವಾರವನ್ನೂ ಶುಕ್ರವಾರ ಮಾಡಿ ಮುಗಿಸುತ್ತೇವೆ. ನನ್ನ ಮಗ ಸಣ್ಣವನಿರುವಾಗ ಗುಡ್ ಫ್ರೈಡೇ ಪ್ರತಿ ವಾರ ಬರುತ್ತೆ ಅಂತ ತಿಳಿದಿದ್ದ.

ನಾವು ಕಥೋಲಿಕರು, ನಮಗೆ ದೊಡ್ಡದು ಮೊಂತಿ ಫೆಸ್ತ್. ಸೆಪ್ಟೆಂಬರ್ 8, ಮಾತೆ ಮರಿಯಳ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂವು ತೆಗೆದುಕೊಂಡು ಹೋಗಿ ಮಾತೆಗೆ ಹಾಕುವುದು. ಕಡೆಯ ದಿನ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ತಂದು, ಸುಲಿದು, ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು. ಊಟಕ್ಕೆ ಮೀನಿಲ್ಲ, ಮಾಂಸ ಇಲ್ಲ. ತರಕಾರಿ ಐದೋ ಏಳೋ, ಒಟ್ಟಾರೆ ಬೆಸ ಸಂಖ್ಯೆ. ಇಲ್ಲಿಗೆ ತೆನೆ ಊರಿಂದ ಯಾರಾದರೂ ತರಬೇಕು. ಒಂದು ವರ್ಷ ನಾಲ್ಕೇ ಕಾಳು ಸಿಕ್ಕಿತು, ಐದು ಜನ. ಗಂಡ ನನಗೆ ಬೇಡ ಅಂದ.

ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ನೆನಪಾಯಿತು ಅಂತ ಬರೆದೆ.

ಹಂಪನಕಟ್ಟೆಯವ, ನ್ಯೂಜೆರ್ಸಿ, 31 ವರ್ಷದಿಂದ:

ಈ ಗುಂಪಿನಲ್ಲಿ ಮೊದಲೂ ಹೇಳಿದ್ದೇನೆ. ಎಲ್ಲದಕ್ಕೂ ಒಂದೇ ಮದ್ದು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬಾರದು. ಕನ್ನಡ ಬಂದರೆ ಬೈಬಲ್ ತನ್ನಿಂದ ತಾನೇ ಬರುತ್ತದೆ. ನನ್ನ ಇಬ್ಬರು ಮಕ್ಕಳೂ 23ನೇ ಕೀರ್ತನೆ ಕನ್ನಡದಲ್ಲಿ ಬಾಯಿಪಾಠ ಹೇಳುತ್ತಾರೆ. ಹಿರಿಯವಳು ಈಗ ಡಾಕ್ಟರ್. ಪ್ರತಿ ಬೇಸಿಗೆ ರಜೆಗೆ ಊರಿಗೆ ಕಳಿಸಿ.

ಟೊರೊಂಟೊ:

ಅಣ್ಣ, ಇಲ್ಲಿಯ ಬೇಸಿಗೆ ರಜೆ ಜುಲೈ. ಉಡುಪಿಯಲ್ಲಿ ಆಗ ಜಡಿಮಳೆ. ಗದ್ದೆಯೂ ಹಸಿರು, ಪೀಠದ ಬಟ್ಟೆಯೂ ಹಸಿರು. ನೋಡುವುದಕ್ಕೆ ಒಂದು ಹಬ್ಬ ಇಲ್ಲ. ಕಳೆದ ಸಲ ಹೋದಾಗ ಮಗ ಮೂರು ವಾರ ಜಗಲಿಯಲ್ಲಿ ಕೂತು ಮಾಡಿನ ನೀರಿಗೆ ಕೈ ಒಡ್ಡಿದ್ದೇ ಬಂತು.

ಬಲ್ಮಠದವ, ಸ್ಟುಟ್‌ಗಾರ್ಟ್:

ಅಕ್ಕ, ಬೇಗ ಬೇಗ ಬರೆಯುತ್ತೇನೆ, ಟ್ರೈನಿನಲ್ಲಿದ್ದೇನೆ.

ಪಾಠ: ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಂಚಾಂಗದಲ್ಲಿ ಆದಿತ್ಯವಾರಕ್ಕೊಂದು ವಿಷಯ ಕೊಟ್ಟು ಪಾಠ ಕೊಟ್ಟಿರುತ್ತಾರೆ. ಅತ್ತೆಯ ಹತ್ತಿರ ಆ ಪುಟದ ಫೋಟೊ ತರಿಸಿಕೊಳ್ಳಿ, ಅವರಿಗೂ ಖುಷಿ. ಇಲ್ಲದಿದ್ದರೆ ಹೊರಗಿನ ಹೆಚ್ಚಿನ ಸಭೆಗಳು ಬಳಸುವ ಮೂರು ವರ್ಷದ ಪಾಠಪಟ್ಟಿ ಉಂಟು, 1992ರದ್ದು. ಒಂದು ವರ್ಷ ಮತ್ತಾಯನ ಸುವಾರ್ತೆ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೋಹಾನ ಮಧ್ಯೆ ಮಧ್ಯೆ ಬರುತ್ತಾನೆ. ನವೆಂಬರ್ 30ರಿಂದ ಮತ್ತಾಯನ ವರ್ಷ. ನಾಲ್ಕು ವಾರಕ್ಕೆ ಯೆಶಾಯ 2, 11, 35, 7, ಜೊತೆಗೆ ಮತ್ತಾಯ 24, 3, 11, 1. ಎಲ್ಲ ಓದಬೇಡಿ, ಒಂದು ಸಾಕು.

ಭಾಷೆ: ಮಗಳು ಇಂಗ್ಲಿಷಿನಲ್ಲಿ ಓದಲಿ. ನೀವು ಅದರಲ್ಲಿ ಒಂದೇ ವಚನ ಕನ್ನಡದಲ್ಲಿ ಹೇಳಿ, ಅವರು ತಿರುಗಿ ಹೇಳಲಿ. ಹತ್ತು ನಿಮಿಷ ದಾಟಬೇಡಿ.

ಬತ್ತಿ: ಬಿಳಿಯದ್ದೇ ಹಚ್ಚಿ. ಆಗಮನದ ಬತ್ತಿಚಕ್ರ ಶುರುವಾದದ್ದೇ ಇಲ್ಲಿ ಜರ್ಮನಿಯಲ್ಲಿ, 1839ರಲ್ಲಿ. ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ವಿಷರ್ನ್ ಅನ್ನುವ, ದೇವಶಾಸ್ತ್ರ ಓದಿದವ. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪೀಡಿಸಿದ್ದಕ್ಕೆ ಗಾಡಿಚಕ್ರ ತಂದು, ಆದಿತ್ಯವಾರಕ್ಕೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೆ ಸಣ್ಣ ಕೆಂಪು ಬತ್ತಿ ಇಟ್ಟನಂತೆ. ನಮ್ಮ ಸಭೆ ಶುರು ಮಾಡಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834. ಅಂದರೆ ಈ ಚಕ್ರಕ್ಕಿಂತ ನಮ್ಮ ಸಭೆ ಐದು ವರ್ಷ ಹಳೆಯದು. ಇಳಿಯಬೇಕು, ಸ್ಟೇಶನ್ ಬಂತು.

ಕಂಕನಾಡಿಯವ, ಡಲ್ಲಾಸ್:

ಎಲ್ಲರೂ ಕ್ಷಮಿಸಬೇಕು. ಸತ್ಯ ಹೇಳಿದವನು ಕೆಟ್ಟವನಾಗುತ್ತಾನೆ, ಆದರೂ ಹೇಳುತ್ತೇನೆ.

ಬೈಬಲಿನಲ್ಲಿ ಅಡ್ವೆಂಟ್ ಎಲ್ಲಿದೆ? ಲೆಂಟ್, ಅದೇ ಈಸ್ಟರಿಗೆ ಮೊದಲಿನ ಶ್ರಮಕಾಲ, ಎಲ್ಲಿದೆ? ಡಿಸೆಂಬರ್ 25 ಎಲ್ಲಿದೆ? ಪೌಲ ಬರೆದ ಪತ್ರ, ಗಲಾತ್ಯ 4:10 ತೆಗೆಯಿರಿ. ದಿನ, ತಿಂಗಳು, ಕಾಲ, ವರ್ಷ ಅಂತ ಆಚರಿಸುತ್ತೀರಲ್ಲಾ, ನಾನು ನಿಮಗೋಸ್ಕರ ಪಟ್ಟ ಶ್ರಮ ಹಾಳಾಯಿತೇನೋ ಅಂತ ಪೌಲನೇ ಭಯಪಟ್ಟಿದ್ದಾನೆ. ನಾನೂ ಬಟ್ಟೆಯ ಬಣ್ಣ ನೋಡಿಕೊಂಡೇ ಬೆಳೆದವನು. ಇಪ್ಪತ್ತೆರಡು ವರ್ಷ ಬಣ್ಣ ನೋಡಿದೆ, ವಾಕ್ಯ ಕಿವಿಗೆ ಬೀಳಲಿಲ್ಲ. ಈಗ ದಿನಾ ಬೆಳಗ್ಗೆ ಐದಕ್ಕೆ ಎದ್ದು ಮೂರು ಅಧ್ಯಾಯ ಓದುತ್ತೇನೆ. ಯಾವ ಪಂಚಾಂಗವೂ ಬೇಡ. ಮಕ್ಕಳಿಗೆ ಬತ್ತಿ ಅಲ್ಲ, ಬೈಬಲ್ ಕೊಡಿ ತಂಗಿ.

ಜೆಪ್ಪುವಿನವಳು, ಲಂಡನ್:

ಅದೇ ಪೌಲ ರೋಮಾಪುರ 14ರಲ್ಲಿ ಎಂತ ಹೇಳಿದ್ದಾನೆ? ಒಬ್ಬನಿಗೆ ಒಂದು ದಿನ ಹೆಚ್ಚು, ಇನ್ನೊಬ್ಬನಿಗೆ ಎಲ್ಲ ದಿನ ಸಮ, ಅವರವರ ಮನಸ್ಸಿಗೆ ನಿಶ್ಚಯ ಇರಲಿ ಅಂತ. ಯೋಹಾನ 10:22 ಕೂಡ ನೋಡಿ. ಯೇಸು ಸ್ವಾಮಿ ಚಳಿಗಾಲದಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬದ ಹೊತ್ತಿಗೆ ಯೆರೂಸಲೇಮಿನಲ್ಲೇ ಇದ್ದರು. ಮೋಶೆಯ ಧರ್ಮಶಾಸ್ತ್ರದಲ್ಲಿ ಆ ಹಬ್ಬವೇ ಇಲ್ಲ.

ಮತ್ತೆ ಅಣ್ಣ, ಕಳೆದ ವರ್ಷ ಥ್ಯಾಂಕ್ಸ್‌ಗಿವಿಂಗಿಗೆ ನೀವು ಹಾಕಿದ ಟರ್ಕಿ ಫೋಟೊ ಇನ್ನೂ ಈ ಗುಂಪಿನಲ್ಲಿ ಉಂಟು. ಅದು ಯಾವ ಅಧ್ಯಾಯ?

ಡಲ್ಲಾಸ್:

ಅದು ಕೃತಜ್ಞತೆ. ಅದು ಬೇರೆ.

ಹಂಪನಕಟ್ಟೆ, ನ್ಯೂಜೆರ್ಸಿ:

ಬಾಸೆಲ್ ಮಿಶನ್ ಅಂದದ್ದಕ್ಕೆ ನೆನಪಾಯಿತು. ಈಗಿನ ಮಕ್ಕಳಿಗೆ ಇತಿಹಾಸ ಗೊತ್ತಿಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843. ಜೆಪ್ಪುವಿನ ಹೆಂಚಿನ ಕಾರ್ಖಾನೆ 1865. ಕಿಟ್ಟೆಲ್ ನಿಘಂಟು 1894. ನಮ್ಮ ಮುತ್ತಜ್ಜ ಆ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಉಡುಪಿಯ ಮಿಶನ್ ಆಸ್ಪತ್ರೆ 1923.

ಲಂಡನ್:

ಅಂಕಲ್, ಯಾರೂ ಅದನ್ನು ಕೇಳಲಿಲ್ಲ.

(ಇಲ್ಲಿಂದ ಮುಂದೆ ಡಲ್ಲಾಸ್ ಮತ್ತು ಲಂಡನ್ ನಡುವೆ ಹದಿನೇಳು ಉತ್ತರ. ಕ್ರಿಸ್ಮಸ್ ಮರ, ಮಕ್ಕಳ ದೀಕ್ಷಾಸ್ನಾನ, ಕೊನೆಗೆ ಕೋಳಿ ರೊಟ್ಟಿಗೆ ತೆಂಗಿನಹಾಲು ಎಷ್ಟು ಅನ್ನುವ ತನಕ ಹೋಯಿತು.)

ಬಿಜೈಯವ, ಮೆಲ್ಬೋರ್ನ್:

ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ. ತಂಗಿ, ಶುರು ಮಾಡು. ಹೇಗಾದರೂ ಮಾಡು.

ಇಲ್ಲಿ ಎಲ್ಲ ಉಲ್ಟಾ. ಕ್ರಿಸ್ಮಸ್ ಸೆಕೆಯಲ್ಲಿ, ಈಸ್ಟರ್ ಎಲೆ ಉದುರುವಾಗ. ಮಕ್ಕಳು ಸಣ್ಣವರಿದ್ದಾಗ ಆದಿತ್ಯವಾರ ಬೆಳಗ್ಗೆ ಕ್ರಿಕೆಟ್ ಕೋಚಿಂಗ್. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡವರಾದ ಮೇಲೆ ಕಲಿಯುತ್ತಾರೆ ಅಂತ ಇತ್ತು. ನನ್ನ ಅಮ್ಮ ತೀರಿಕೊಂಡದ್ದು ಶ್ರಮಕಾಲದಲ್ಲಿ. ದೊಡ್ಡ ಮಗ ನನ್ನ ಜೊತೆ ಮಂಗಳೂರಿಗೆ ಬಂದ. ಪೀಠಕ್ಕೆ ನೇರಳೆ ಬಟ್ಟೆ ಹಾಕಿದ್ದು ಅಜ್ಜಿ ಸತ್ತದ್ದಕ್ಕೆ ಅಂತ ತಿಳಿದುಕೊಂಡಿದ್ದ. ಗೀತೆ ಎತ್ತಿದರು. ಪುಸ್ತಕ ಅವನ ಕೈಯಲ್ಲೇ ಇತ್ತು. ಅವನು ಸಾಲಿನ ಮೇಲೆ ಓಡುತ್ತಿದ್ದ ನನ್ನ ಬೆರಳನ್ನೇ ನೋಡುತ್ತಿದ್ದ. ಎಲ್ಲರೂ ಕೂತ ಮೇಲೆ ಒಬ್ಬನೇ ನಿಂತಿದ್ದ. ಇಪ್ಪತ್ತಾರು ವರ್ಷದ ಹುಡುಗ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ವಾಪಸು ಬರುವಾಗ ವಿಮಾನದಲ್ಲಿ ಕೇಳಿದ, "ಪಪ್ಪಾ, ನಿಮಗೆ ಇದೆಲ್ಲ ಗೊತ್ತಿತ್ತಾ?" ಅಂತ.

ಹೆತ್ತವರು ಕಾರ್ಕಳದವರು, ನಾನು ಬರ್ಮಿಂಗ್‌ಹ್ಯಾಮ್:

ನಾನು ಇಲ್ಲೇ ಹುಟ್ಟಿದವಳು. ಕನ್ನಡ ಟೈಪ್ ಮಾಡಲು ಕಲಿಯುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ನಮ್ಮ ಮನೆಯಲ್ಲಿ ಪ್ರತಿ ರಾತ್ರಿ ಕುಟುಂಬ ಪ್ರಾರ್ಥನೆ ನಲವತ್ತು ನಿಮಿಷ, ಪೂರ್ತಿ ಕನ್ನಡ. ನಾನು ಕಾರ್ಪೆಟ್ಟಿನ ಹೂವು ಎಣಿಸುತ್ತಿದ್ದೆ. 112 ಇತ್ತು. ಪಾಠ ಒಂದೂ ನೆನಪಿಲ್ಲ. ಆದರೆ ಗರಿಗಳ ಆದಿತ್ಯವಾರಕ್ಕೆ ಡ್ಯಾಡಿ ತೆಂಗಿನ ಎಳೆ ಗರಿ ಸಿಗದೆ, ಹಸಿರು ಕಾಗದ ಉದ್ದುದ್ದ ಕತ್ತರಿಸಿ ಶಿಲುಬೆ ಮಡಚಲು ಕಲಿಸಿದರು. ಎರಡು ಮಡಿಕೆ, ಒಂದು ಗಂಟು, ತುದಿ ಒಳಗೆ ತೂರಿಸುವುದು. ಅದು ಈಗಲೂ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ನನ್ನ ಮಗುವಿಗೆ ಎರಡು ವರ್ಷ, ಅವನು ಅದನ್ನು ಬಾಯಿಗೆ ಹಾಕುತ್ತಾನೆ.

ಡಲ್ಲಾಸ್:

ಶಿಲುಬೆ ಮಡಚುವುದು ಬಂದರೆ ರಕ್ಷಣೆ ಬರುತ್ತದಾ?

ಲಂಡನ್:

ಅಣ್ಣ, ಮಲಗಿ. ಬೆಳಗ್ಗೆ ಐದಕ್ಕೆ ಏಳಬೇಕಲ್ವಾ.

ಟೊರೊಂಟೊ:

ಎರಡು ವಾರ ಆಯಿತು. ಹೇಗಾಯಿತು ಅಂತ ಬರೆಯುತ್ತೇನೆ ಅಂದಿದ್ದೆ.

ಮೊದಲು ತಪ್ಪೊಪ್ಪಿಗೆ. ಸ್ಟುಟ್‌ಗಾರ್ಟ್ ಅಣ್ಣನ ಉತ್ತರ ನಾನು ನೋಡಲೇ ಇಲ್ಲ. ಗಲಾತ್ಯ, ರೋಮಾಪುರ ಅಂತ ನೀವು ಜಗಳ ಮಾಡಿದ್ದರಲ್ಲಿ ಅದು ಎಲ್ಲೋ ಮೇಲೆ ಹೋಗಿತ್ತು. ನೇರಳೆ ಕ್ರೇಯಾನ್ ಕರಗಿಸಿ ಬತ್ತಿಗೆ ಹಚ್ಚಲು ಹೋಗಿ ಒಂದು ಪಾತ್ರೆ ಹಾಳು. ಶನಿವಾರ ರಾತ್ರಿ ಸುಮ್ನೆ ಮೇಲಿಂದ ಓದುವಾಗ ಸಿಕ್ಕಿತು, ಬಿಳಿಯದ್ದೇ ಹಚ್ಚಿ ಅಂತ. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬಿಳಿ ಬತ್ತಿ ನಿಲ್ಲಿಸಿದೆ.

ಮೊದಲ ವಾರ ಮತ್ತಾಯ 24 ಓದಿಸಿದೆ. ಮಗಳು ಚಂದ ಓದಿದಳು. ಹೊಲದಲ್ಲಿ ಇಬ್ಬರಿರುವಾಗ ಒಬ್ಬನನ್ನು ತೆಗೆದುಕೊಳ್ಳುತ್ತಾರೆ, ಒಬ್ಬನನ್ನು ಬಿಡುತ್ತಾರೆ ಅನ್ನುವಲ್ಲಿಗೆ ಬಂತು. ಮಗನಿಗೆ ಆರು ವರ್ಷ. "ಯಾರನ್ನು ಬಿಡ್ತಾರೆ?" ಅಂದ. ನನಗೆ ಉತ್ತರ ಬರಲಿಲ್ಲ. ನಲವತ್ತು ವರ್ಷ ಕೇಳಿದ ಪಾಠ, ಯಾರನ್ನು ಬಿಡುತ್ತಾರೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಯಾವಾಗ ಅಂತ ಗೊತ್ತಿಲ್ಲ, ಎಚ್ಚರ ಇರಬೇಕು, ಅಷ್ಟೇ ಹೇಳಿದ್ದು ಅಂದೆ. ಅವನು ಅಂದು ರಾತ್ರಿ ನಿಜವಾಗಿಯೂ ಎಚ್ಚರ ಇದ್ದ. ಹನ್ನೊಂದು ಗಂಟೆಗೆ ನಮ್ಮ ಕೋಣೆ ಬಾಗಿಲಲ್ಲಿ ದಿಂಬು ಹಿಡಿದುಕೊಂಡು ನಿಂತಿದ್ದ.

ಎರಡನೇ ವಾರ ಮತ್ತಾಯ ಬಿಟ್ಟು ಯೆಶಾಯ 11 ಹಿಡಿದೆವು. ತೋಳ ಕುರಿಮರಿಯ ಜೊತೆ ಇರುವುದು, ಚಿರತೆ ಮೇಕೆಮರಿಯ ಜೊತೆ ಮಲಗುವುದು, ಸಿಂಹ ಎತ್ತಿನ ಹಾಗೆ ಹುಲ್ಲು ತಿನ್ನುವುದು. ಮಣಿಪಾಲದ ಕಡೆ ಚಿರತೆ ಬಂದ ವೀಡಿಯೊ ಅವರ ಮಾವ ಕಳಿಸಿದ್ದು ಇಬ್ಬರೂ ನೋಡಿದ್ದಾರೆ. ಅರ್ಧ ಗಂಟೆ ಪ್ರಶ್ನೆ. ಸಿಂಹಕ್ಕೆ ಹುಲ್ಲು ರುಚಿ ಆಗುತ್ತದಾ? ಮೇಕೆಗೆ ಮೊದಲ ರಾತ್ರಿ ನಿದ್ದೆ ಬಂತಾ? ಹತ್ತು ನಿಮಿಷ ಅಂದಿದ್ದಿರಿ ಅಣ್ಣ, ಆಗಲಿಲ್ಲ.

ಡಲ್ಲಾಸ್:

ಅದು ಯೇಸು ಸ್ವಾಮಿ ತಿರುಗಿ ಬಂದು ನಡೆಸುವ ಸಾವಿರ ವರ್ಷದ ಆಳ್ವಿಕೆಯ ಪ್ರವಾದನೆ. ಸರಿಯಾಗಿ ವಿವರಿಸಬೇಕು. ಬೇಕಾದರೆ ಫೋನ್ ಮಾಡು, ನಾನು ಮಕ್ಕಳ ಹತ್ತಿರ ಮಾತಾಡುತ್ತೇನೆ.

ಟೊರೊಂಟೊ:

ಖಂಡಿತ ಅಣ್ಣ. ಮೇಕೆಯ ಪ್ರಶ್ನೆಗೆ ತಯಾರಾಗಿ ಬನ್ನಿ.

ಇನ್ನೊಂದು ಹೇಳಲು ಮರೆತೆ. ನಿನ್ನೆ ಅತ್ತೆ ಮತ್ತೆ ಕೇಳಿದರು, ಕಳೆದ ಆದಿತ್ಯವಾರ ಯಾವ ಆದಿತ್ಯವಾರ ಅಂತ. ಮಗಳು ಯೋಚಿಸುತ್ತಿದ್ದಳು, ಅಷ್ಟರಲ್ಲಿ ಮಗ "ತೋಳದ ಆದಿತ್ಯವಾರ" ಅಂದ. ಅತ್ತೆ ಕನ್ನಡಕ ಹಾಕಿ ಪಂಚಾಂಗ ಇಳಿಸಿ ನೋಡಿದರು. "ಇಲ್ಲಿ ಹಾಗೆ ಬರೆದಿಲ್ಲ" ಅಂದರು.

ಕುವೈತ್:

ಮೇಕೆಗೆ ನಿದ್ದೆ ಬಂದಿರಲಿಕ್ಕಿಲ್ಲ ಪಾಪ. ಅದಿರಲಿ, ಡಿಸೆಂಬರ್ 20ರ ಒಳಗೆ ಮಂಗಳೂರಿನಿಂದ ಕುವೈತಿಗೆ ಯಾರಾದರೂ ಬರುವವರಿದ್ದೀರಾ? ಅಮ್ಮ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಕಟ್ಟಿಟ್ಟಿದ್ದಾರೆ. ನೆವ್ರಿ, ಕಿಡ್ಯೊ, ಗುಳಿಯೊ, ಎರಡು ಕಿಲೊ ಅಷ್ಟೇ. ನೆವ್ರಿ ಮೇಲೆ ಏನೂ ಇಡಬೇಡಿ, ಪುಡಿ ಆಗುತ್ತದೆ.